ಬ್ರಿಜಿತ್: ಐರ್ಲೆಂಡಿನ ಹೆಸರು ಮಂಗಳೂರಿಗೆ ಬಂದ ದಾರಿ

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಹಳೆಯ ತಲೆಮಾರಿನಲ್ಲಿ ಕೇಳಿಬರುವ ಬ್ರಿಜಿತ್ ಎಂಬ ಹೆಣ್ಣುಹೆಸರಿನ ಮೂಲ ಐರ್ಲೆಂಡಿನದು. ಹಳೆಯ ಐರಿಷ್ ಭಾಷೆಯಲ್ಲಿ 'ಉನ್ನತಳು' ಎಂಬ ಅರ್ಥವಿದ್ದ ಈ ಹೆಸರನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ 'ಬೃಹತೀ' ಶಬ್ದದ ಜ್ಞಾತಿ, ಅಂದರೆ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಕವಲೊಡೆದ ರೂಪ, ಎಂದು ಗುರುತಿಸುತ್ತಾರೆ; ಕನ್ನಡಿಗರು ದಿನವೂ ಬಳಸುವ 'ಬೃಹತ್' ಎಂಬ ಮಾತಿಗೆ ಇದು ಹೀಗೆ ದೂರದ ನೆಂಟ.

ಕ್ರೈಸ್ತಪೂರ್ವ ಐರ್ಲೆಂಡಿನಲ್ಲಿ ಇದು ದೇವಿಯೊಬ್ಬಳ ಹೆಸರಾಗಿತ್ತು. ಮುಂದೆ ಕಿಲ್ಡೇರ್ ಎಂಬಲ್ಲಿ ಕನ್ಯಾಮಠವನ್ನು ಸ್ಥಾಪಿಸಿದಳೆನ್ನಲಾದ, ಹೈನಿಗೂ ದನಕರುಗಳಿಗೂ ಪಾಲಕಿಯೆಂದು ನಂಬಲಾದ ಸಂತಳಿಗೆ ಅದೇ ಹೆಸರು ನಿಂತಿತು. ಐರಿಷಿನಲ್ಲಿ ಬ್ರೀಡ್, ಇಂಗ್ಲಿಷಿನಲ್ಲಿ ಬ್ರಿಜೆಟ್, ಫ್ರೆಂಚಿನಲ್ಲಿ ಬ್ರಿಜಿತ್, ಸ್ವೀಡನ್ನಿನಲ್ಲಿ ಬಿರ್ಗಿತಾ ಎಂದು ರೂಪಗಳು ಹಲವಾದರೂ, ಚರ್ಚಿನ ಲ್ಯಾಟಿನಿನಲ್ಲಿ ಅದು ಬ್ರಿಗಿದಾ ಎಂದೇ ಉಳಿಯಿತು. ಪೋರ್ಚುಗೀಸರು ಈ ಲ್ಯಾಟಿನ್ ರೂಪವನ್ನೇ ಎತ್ತಿಕೊಂಡು ಬ್ರಿಜಿದಾ ಎಂದು ಉಚ್ಚರಿಸಿದರು; ಲಿಸ್ಬನ್ನಿನ ಲುಮಿಯಾರ್ ಚರ್ಚಿನಲ್ಲಿ ಕಿಲ್ಡೇರಿನ ಸಂತಳದೆಂದು ಪೂಜ್ಯವಾದ ತಲೆಬುರುಡೆಯ ಅವಶೇಷ ಇಂದಿಗೂ ಇದೆ.

ಗೋವೆಯಲ್ಲಿ ಪೋರ್ಚುಗೀಸ್ ಹೆಸರುಗಳಿಂದ ದೀಕ್ಷಾಸ್ನಾನ ಪಡೆದ ಕುಟುಂಬಗಳು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ದಕ್ಷಿಣಕ್ಕೆ ವಲಸೆ ಬಂದಾಗ ಆ ಹೆಸರುಗಳೂ ಜತೆಗೆ ಬಂದವು, ಮತ್ತು ಕೊಂಕಣಿಯ ನಾಲಗೆಯಲ್ಲಿ ಮೈ ಬದಲಿಸಿಕೊಂಡವು: ಮಿಗೆಲ್ ಮಿಂಗೆಲ್ ಆಯಿತು, ಇಸಾಬೆಲ್ ಎಂಬುದು ಮೊದಲ ಸ್ವರ ಕಳೆದುಕೊಂಡು ಜಾಬೆಲ್ ಆಯಿತು. ಬ್ರಿಜಿದಾ ಕೊನೆಯ ಸ್ವರ ಉದುರಿ ಬ್ರಿಜಿತ್ ಆದದ್ದನ್ನೂ ಇದೇ ಸಾಲಿನಲ್ಲಿಟ್ಟು ನೋಡುವುದು ಯುಕ್ತ. ಮನೆಯೊಳಗೆ ಬ್ರಿಜಿತ್ ಬಾಯಿ ಎನ್ನಿಸಿಕೊಂಡವಳು ತುಳುವರ ನೆರೆಕರೆಗೆ ಬರಿಯ 'ಬಾಯಮ್ಮ', ಆಕೆಯ ಗಂಡ 'ಪೊರ್ಬು'. ಈ ಎರಡನೆಯದು 'ಪ್ರಭು' ಶಬ್ದದ ತದ್ಭವ.

ಹೆಸರಿಗೆ ಸಂತರು ಇಬ್ಬರಿರುವುದೂ ಒಂದು ತೊಡಕು. ಕಿಲ್ಡೇರಿನವಳ ಹಬ್ಬ ಫೆಬ್ರವರಿ 1. 1373ರಲ್ಲಿ ತೀರಿಕೊಂಡ ಸ್ವೀಡನ್ನಿನ ಬಿರ್ಗಿತಾಳ ಹಬ್ಬ ಮೊದಲು ಅಕ್ಟೋಬರ್ 8 ಇದ್ದು, 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಜುಲೈ 23ಕ್ಕೆ ಹೋಯಿತು. ಆದ್ದರಿಂದ ಮನೆಯವರು ಆಚರಿಸುವ ಹೆಸರಿನ ಹಬ್ಬದ ತಾರೀಖೇ ಯಾವ ಸಂತಳೆಂಬುದನ್ನು ಹೇಳಬೇಕು.

ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವ ರೂಢಿಯ ಜತೆಗೆ, ಮಗುವಿಗೆ ಕ್ರೈಸ್ತ ಹೆಸರಿರುವಂತೆ ಪಾದ್ರಿಗಳು ನೋಡಿಕೊಳ್ಳಬೇಕೆಂಬ 1917ರ ಚರ್ಚ್ ಕಾನೂನು ಸಹ ಇಂಥ ಹೆಸರುಗಳನ್ನು ಕಾಪಾಡಿತು. 1983ರ ಕಾನೂನು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳಿ ಕಟ್ಟನ್ನು ಸಡಿಲಿಸಿತು. ಉಳಿದಿರುವ ಬ್ರಿಜಿತ್‌ಗಳನ್ನು ಇಂಗ್ಲಿಷಿನ ಬ್ರಿಜೆಟ್ ಎಂಬುದರ ತಪ್ಪು ಉಚ್ಚಾರವೆಂದು ತಿದ್ದುವುದು ಮಾತ್ರ ಸಲ್ಲದು. 1799ರಲ್ಲಿ ಮಂಗಳೂರು ಬ್ರಿಟಿಷರ ಆಳ್ವಿಕೆಗೆ ಬರುವ ಹೊತ್ತಿಗೆ ಪೋರ್ಚುಗೀಸ್ ಹೆಸರುಗಳು ಇಲ್ಲಿ ಎರಡು ಶತಮಾನ ಕಳೆದಿದ್ದವು.