ಮನೆಯ ಅಕ್ವೇರಿಯಂನಲ್ಲಿ ಮರಿ ಹಾಕುವ ಸಣ್ಣ ಮೀನುಗಳ ಪಾಲನೆ: ಸಾರ್ವಜನಿಕರಿಗೆ ಮಾಹಿತಿ

ಗಪ್ಪಿ, ಪ್ಲ್ಯಾಟಿ, ಮೋಲಿ ಹಾಗೂ ಸ್ವೋರ್ಡ್‌ಟೇಲ್ ಎಂಬ ನಾಲ್ಕು ಬಗೆಯ ಸಿಹಿನೀರಿನ ಅಲಂಕಾರಿಕ ಮೀನುಗಳನ್ನು ಮನೆಯಲ್ಲಿ ಸಾಕಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಈ ಮೀನುಗಳನ್ನು ಮನೆಯ ಮಟ್ಟದಲ್ಲಿ ಹವ್ಯಾಸಕ್ಕಾಗಿ ಸಾಕಲು ಪರವಾನಗಿಯಾಗಲಿ ನೋಂದಣಿಯಾಗಲಿ ಅಗತ್ಯವಿಲ್ಲದಿರುವುದರಿಂದ ಆ ಬಗ್ಗೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಮಾರಾಟದ ಉದ್ದೇಶದಿಂದ ಸಾಕುವವರಿಗೆ ಸಂಬಂಧಿಸಿದ ವಿವರಗಳನ್ನು ಪುಟದ ಕೊನೆಯಲ್ಲಿ ನೀಡಲಾಗಿದೆ.

ಈ ಮೀನುಗಳು ಹೊಸಬರಿಗೆ ಅತ್ಯಂತ ಸುಲಭವಾದವು ಎಂದು ಅಂಗಡಿಗಳಲ್ಲಿ ಹೇಳಲಾಗುತ್ತದೆ. ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಹಲವು ಮನೆಗಳಲ್ಲಿ ಮೊದಲ ತಿಂಗಳಿನಲ್ಲಿಯೇ ಮೀನುಗಳು ಸಾಯುತ್ತವೆ. ಬದುಕುಳಿದ ಮನೆಗಳಲ್ಲಿ ವರ್ಷ ಕಳೆಯುವುದರೊಳಗೆ ತೊಟ್ಟಿ ಹಿಡಿಸಲಾರದಷ್ಟಾಗುತ್ತವೆ. ಈ ಎರಡು ತೊಂದರೆಗಳಿಗೂ ಕಾರಣ ಮೀನನ್ನು ಕೊಳ್ಳುವ ಮೊದಲು ಕೈಗೊಳ್ಳಬೇಕಾಗಿದ್ದ ತೀರ್ಮಾನಗಳನ್ನು ಕೈಗೊಳ್ಳದಿರುವುದೇ ಆಗಿದೆ.

ಮೀನುಗಳ ಪರಿಚಯ

ಸಾಮಾನ್ಯವಾಗಿ ಮೀನುಗಳು ನೀರಿನಲ್ಲಿ ಮೊಟ್ಟೆಯಿಡುತ್ತವೆ. ಈ ನಾಲ್ಕು ಬಗೆಗಳಲ್ಲಿ ಮೊಟ್ಟೆಗಳು ತಾಯಿಯ ಹೊಟ್ಟೆಯೊಳಗೆ ಬೆಳೆದು, ಈಜಬಲ್ಲ ಮರಿಗಳೇ ಹೊರಬರುತ್ತವೆ. ಇವೆಲ್ಲವೂ ಅಮೆರಿಕ ಖಂಡಗಳ ಮೂಲದವು. ಗಪ್ಪಿಯು ವೆನೆಜುವೆಲ, ಗಯಾನ ಹಾಗೂ ಟ್ರಿನಿಡಾಡ್ ದ್ವೀಪದ ತೊರೆಗಳದ್ದು. ಟ್ರಿನಿಡಾಡ್‌ನಿಂದ ಇದರ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬುವರ ಹೆಸರೇ ಇದಕ್ಕೆ ಉಳಿದಿದೆ. ಪ್ಲ್ಯಾಟಿ ಹಾಗೂ ಸ್ವೋರ್ಡ್‌ಟೇಲ್‌ಗಳು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವು. ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ಮೀನುಗಳು ಅಲ್ಲಿಂದ ಹಿಡಿದು ತಂದವಲ್ಲ, ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದವು. ಚೆನ್ನೈನ ಕೊಳತ್ತೂರು ಇಂತಹ ಸಾಕಣೆಗೂ ವ್ಯಾಪಾರಕ್ಕೂ ಹೆಸರಾಗಿದೆ.

ಗಂಡು ಗಪ್ಪಿ ಸುಮಾರು 3 ಸೆಂ.ಮೀ., ಹೆಣ್ಣು 5 ಸೆಂ.ಮೀ. ಬೆಳೆಯುತ್ತದೆ. ಪ್ಲ್ಯಾಟಿ 5ರಿಂದ 6 ಸೆಂ.ಮೀ. ಮೋಲಿ ಮತ್ತು ಸ್ವೋರ್ಡ್‌ಟೇಲ್ 10 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಬೆಳೆಯುವುದರಿಂದ ಚಿಕ್ಕ ತೊಟ್ಟಿಗೆ ಸೂಕ್ತವಲ್ಲ. ಎಲ್ಲವೂ ಸಾಧು ಸ್ವಭಾವದವು. ಸ್ವೋರ್ಡ್‌ಟೇಲ್‌ನ ಗಂಡುಗಳು ಮಾತ್ರ ಪರಸ್ಪರ ಅಟ್ಟಾಡಿಸುತ್ತವೆ, ಹೊರಗೆ ಜಿಗಿಯುವ ಅಭ್ಯಾಸವೂ ಅವಕ್ಕಿದೆ. ಆದುದರಿಂದ ತೊಟ್ಟಿಗೆ ಮುಚ್ಚಳ ಇರತಕ್ಕದ್ದು. ಮೊದಲ ಬಾರಿಗೆ ಸಾಕುವವರಿಗೆ ಪ್ಲ್ಯಾಟಿಯೇ ಉತ್ತಮ. ಗಪ್ಪಿ ಊರಿನ ಮೋರಿಯಲ್ಲಿಯೂ ಬದುಕುತ್ತದೆಂಬುದು ನಿಜವಾದರೂ ಉದ್ದ ಬಾಲಕ್ಕಾಗಿ, ಬಣ್ಣಕ್ಕಾಗಿ ತಲೆಮಾರುಗಳಿಂದ ಒಂದೇ ಮನೆತನದೊಳಗೆ ಬೆಳೆಸಿದ ಗಪ್ಪಿಗೆ ಆ ಗಟ್ಟಿತನ ಉಳಿದಿಲ್ಲ.

ತೊಟ್ಟಿ ಮತ್ತು ಕಾಯುವಿಕೆ

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಗಾಜಿನ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಗಾಜು, ಜಲ್ಲಿ ಸೇರಿ ತೂಕ 65 ಕಿಲೋ ಮೀರುವುದರಿಂದ ಟಿ.ವಿ. ಮೇಜಿನ ಮೇಲಿಡದೆ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಇರಿಸಬೇಕು. ಇದರಲ್ಲಿ 10ರಿಂದ 12 ಗಪ್ಪಿ ಅಥವಾ 8 ಪ್ಲ್ಯಾಟಿಗಳನ್ನು ಸಾಕಬಹುದು. ದುಂಡನೆಯ ಗಾಜಿನ ಬೋಗುಣಿಗಳು ನೋಡಲು ಚೆಂದ. ಮೀನು ಸಾಕಲು ಯೋಗ್ಯವಲ್ಲ.

ತೊಟ್ಟಿ ಸಿದ್ಧವಾದ ದಿನವೇ ಮೀನು ಬಿಡುವುದು ಸಾವಿನ ಮುಖ್ಯ ಕಾರಣ. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ಇದು ವಿಷ. ಫಿಲ್ಟರಿನ ಸ್ಪಂಜಿನಲ್ಲಿಯೂ ಜಲ್ಲಿಯ ಮೇಲೂ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತದೆ. ನೈಟ್ರೈಟ್ ಸಹ ವಿಷವೇ. ನೈಟ್ರೇಟ್ ಮಾತ್ರ ಕಡಿಮೆ ಪ್ರಮಾಣದಲ್ಲಿ ಹಾನಿಕರವಲ್ಲ. ಈ ಬ್ಯಾಕ್ಟೀರಿಯಾಗಳು ಸಾಕಷ್ಟು ವೃದ್ಧಿಯಾಗಲು 4ರಿಂದ 6 ವಾರ ಬೇಕಾಗುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ವಿಷವಿರಬಹುದೆಂಬುದನ್ನು ಗಮನಿಸತಕ್ಕದ್ದು. ಈ ಮಾಹಿತಿಯನ್ನು ಸಿದ್ಧಪಡಿಸಿದ ಶಾಖಾಧಿಕಾರಿಯ ಮನೆಯಲ್ಲಿಯೇ ತೊಟ್ಟಿ ತಂದ ಮರುದಿನ ಬಿಟ್ಟ ಎಂಟು ಗಪ್ಪಿಗಳಲ್ಲಿ ಹತ್ತನೆಯ ದಿನಕ್ಕೆ ಎರಡು ಉಳಿದಿದ್ದವು. ನೀರು ಹೊಳೆಯುತ್ತಲೇ ಇತ್ತು.

ಫಿಲ್ಟರ್ ನಡೆಸುತ್ತಾ, ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಮಾತ್ರ ಹಾಕುತ್ತಾ ಬಂದಲ್ಲಿ ತೊಟ್ಟಿ ಪಕ್ವವಾಗುತ್ತದೆ. ಅಮೋನಿಯ, ನೈಟ್ರೈಟ್ ಪರೀಕ್ಷಿಸುವ ಕಿಟ್‌ಗಳು ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡೂ ಸೊನ್ನೆಗೆ ಇಳಿದ ನಂತರ ಮೀನು ತರುವುದು ಸೂಕ್ತ. ಪರಿಚಿತರ ಹಳೆಯ, ಆರೋಗ್ಯಕರ ತೊಟ್ಟಿಯ ಬಳಸಿದ ಸ್ಪಂಜನ್ನು ತಂದು ಒದ್ದೆಯಾಗಿರುವಾಗಲೇ ಅಳವಡಿಸಿದಲ್ಲಿ ಅವಧಿ ಬಹಳ ತಗ್ಗುತ್ತದೆ. ಆಗಲೂ ಎಲ್ಲ ಮೀನುಗಳನ್ನು ಒಟ್ಟಿಗೆ ಬಿಡದೆ ಮೂರು ನಾಲ್ಕರಂತೆ, ವಾರದ ಅಂತರದಲ್ಲಿ ಬಿಡಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡತಕ್ಕದ್ದು, ಇಲ್ಲವಾದಲ್ಲಿ ಕ್ಲೋರಿನ್‌ನಿಂದ ಬ್ಯಾಕ್ಟೀರಿಯಾಗಳು ನಾಶವಾಗಿ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ನೀರು

ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಕೊಳವೆಬಾವಿಯ ನೀರಿನ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದವರಿಗೆ ಬೇಸರವಿರುವುದು ಸಹಜ. ಆದರೆ ಈ ಮೀನುಗಳಿಗೆ ಬೇಕಾಗಿರುವುದು ಅಂತಹ ಗಡಸು ನೀರೇ. ಪಿ.ಎಚ್. 7ರಿಂದ 8ರವರೆಗೆ ಇರಬೇಕು. ಮನೆಯ ಆರ್.ಓ. ಯಂತ್ರದ ನೀರು ಶುದ್ಧವೆಂದು ತೊಟ್ಟಿಗೆ ತುಂಬುವುದು ತಪ್ಪು. ಲವಣಾಂಶವಿಲ್ಲದ ನೀರಿನಲ್ಲಿ ಮೋಲಿಗಳು ನಿಂತಲ್ಲಿಯೇ ಮೈ ಅಲುಗಿಸುತ್ತಾ ಸೊರಗುತ್ತವೆ. ಕರಾವಳಿ ಹಾಗೂ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಬಾವಿಗಳ ನೀರು ಮೆದುವಾಗಿ, ತುಸು ಆಮ್ಲೀಯವಾಗಿರುತ್ತದೆ. ಅಲ್ಲಿನವರು ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಒಂದು ಹಿಡಿಯಷ್ಟು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬಳಿ ಇರಿಸಬಹುದು.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟಲ್ಲಿ ಬಹುಪಾಲು ಹೋಗುತ್ತದೆ. ಅವಸರವಿದ್ದಲ್ಲಿ ಆಂಟಿ-ಕ್ಲೋರಿನ್ ಹನಿಗಳನ್ನು ಬಳಸಬಹುದು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ಬದಲಾಯಿಸಬೇಕು. ತಿಂಗಳಿಗೊಮ್ಮೆ ಎಲ್ಲ ನೀರನ್ನೂ ಚೆಲ್ಲಿ ತೊಟ್ಟಿ ಉಜ್ಜುವ ರೂಢಿಯನ್ನು ಕೈಬಿಡುವುದು ಒಳಿತು.

ಉಷ್ಣಾಂಶ 22ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದಲ್ಲಿ ಸಾಕು. ಕೊಡಗು, ಚಿಕ್ಕಮಗಳೂರು ಭಾಗದ ಚಳಿಗಾಲವನ್ನು ಬಿಟ್ಟರೆ ರಾಜ್ಯದ ಬಹುಭಾಗದಲ್ಲಿ ಹೀಟರ್‌ನ ಅವಶ್ಯಕತೆ ಕಡಿಮೆ. ಕಲಬುರಗಿ, ರಾಯಚೂರು ಭಾಗದಲ್ಲಿ ಸಮಸ್ಯೆ ತದ್ವಿರುದ್ಧವಾದುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ ಬೇಸಿಗೆಯಲ್ಲಿ ಗಾಳಿ ಪಂಪನ್ನು ಸತತವಾಗಿ ನಡೆಸುವುದು, ಆಹಾರವನ್ನು ತಗ್ಗಿಸುವುದು ಅಗತ್ಯ. ವಿದ್ಯುತ್ ಕಡಿತವಿರುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪೊಂದನ್ನು ಇಟ್ಟುಕೊಳ್ಳುವುದು ಲೇಸು.

ಆಹಾರ

ದಿನಕ್ಕೆರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮೋಲಿಗೆ ಬೇಯಿಸಿದ ಪಾಲಕ್ ಸೊಪ್ಪು, ಸೌತೆಕಾಯಿಯ ತೆಳು ಹೋಳು ಸಹ ಬೇಕು. ದೇವಸ್ಥಾನದ ಕಲ್ಯಾಣಿಯ ಮೀನುಗಳಿಗೆ ಪುರಿ ಹಾಕುವ ಅಭ್ಯಾಸವನ್ನು ಮನೆಯ ತೊಟ್ಟಿಗೆ ತರಬಾರದು. ಉಳಿದ ಪುರಿ ಕೊಳೆತು ನೀರು ಕೆಡುತ್ತದೆ. ಮನೆಯವರೆಲ್ಲರೂ ಬೇರೆ ಬೇರೆಯಾಗಿ ಆಹಾರ ಹಾಕುವುದು ಸಾಮಾನ್ಯ ತಪ್ಪು. ಈ ಕೆಲಸವನ್ನು ಒಬ್ಬರಿಗೇ ವಹಿಸಿರಿ.

ಮರಿಗಳ ಲೆಕ್ಕ

ಗಂಡು ಮೀನಿನ ಹೊಟ್ಟೆಯ ಕೆಳಗಿನ, ಬಾಲದ ಕಡೆಗಿರುವ ಈಜುರೆಕ್ಕೆಯು ಕಡ್ಡಿಯಂತೆ ಕಿರಿದಾಗಿರುತ್ತದೆ; ಹೆಣ್ಣಿನದು ಬೀಸಣಿಗೆಯಂತೆ ಅಗಲ. ಗಂಡುಗಳು ಎಡೆಬಿಡದೆ ಹಿಂಬಾಲಿಸಿ ಹೆಣ್ಣನ್ನು ದಣಿಸುವುದರಿಂದ ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣು ಇರಬೇಕೆಂಬುದು ರೂಢಿಯ ಸಲಹೆ. ಸಲಹೆ ಸರಿಯಾದುದೇ, ಆದರೆ ಅದರ ಪರಿಣಾಮವನ್ನು ಅಂಗಡಿಯಲ್ಲಿ ವಿವರಿಸುವುದು ವಿರಳ.

ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತದೆ. ಒಂದು ಸಲಕ್ಕೆ 30 ಮರಿ ಎಂದಿಟ್ಟುಕೊಂಡಲ್ಲಿ ಮೂರು ಹೆಣ್ಣುಗಳಿಂದ ತಿಂಗಳಿಗೆ 90. ತಾಯಿಯೂ ಸೇರಿದಂತೆ ದೊಡ್ಡ ಮೀನುಗಳು ಮರಿಗಳನ್ನು ತಿನ್ನುತ್ತವಾದ್ದರಿಂದ ಅರ್ಧದಷ್ಟೇ ಉಳಿದವೆಂದರೂ 45. ಇವುಗಳಲ್ಲಿ ಅರ್ಧ ಹೆಣ್ಣು. ಅವು ಎರಡರಿಂದ ಮೂರು ತಿಂಗಳಿಗೆ ತಾವೂ ಮರಿ ಹಾಕಲಾರಂಭಿಸುತ್ತವೆ. ಇದು ಸರಳ ಬಡ್ಡಿಯಲ್ಲ, ಚಕ್ರಬಡ್ಡಿ. ಗಂಡನ್ನು ಬೇರ್ಪಡಿಸಿದರೆ ನಿಲ್ಲುವುದೆಂದು ಭಾವಿಸುವಂತೆಯೂ ಇಲ್ಲ: ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಹಲವು ತಿಂಗಳು ದೇಹದೊಳಗೆ ಕಾಯ್ದಿರಿಸಿಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು. ಅಂಗಡಿಯಿಂದ ತಂದ ಪ್ರಾಯದ ಹೆಣ್ಣು ಮೀನು ಬಹುತೇಕ ಈಗಾಗಲೇ ಗರ್ಭ ಧರಿಸಿರುತ್ತದೆ.

ಆದುದರಿಂದ ಮರಿಗಳು ಬೇಡವೆನ್ನುವವರು ಮೊದಲ ದಿನದಿಂದಲೇ ಗಂಡು ಗಪ್ಪಿಗಳನ್ನು ಮಾತ್ರ, ಆರರಿಂದ ಎಂಟು, ಸಾಕುವುದು ಎಲ್ಲಕ್ಕಿಂತ ಸರಳವಾದ ಕ್ರಮ. ಬಣ್ಣವಿರುವುದೂ ಗಂಡಿನಲ್ಲಿಯೇ. ಮರಿ ಬೇಕೆನ್ನುವವರು ಹೈಡ್ರಿಲ್ಲ, ಜಾವಾ ಮಾಸ್‌ನಂತಹ ಗಿಡಗಳನ್ನು ದಟ್ಟವಾಗಿ ಬೆಳೆಸಿದಲ್ಲಿ ಮರಿಗಳು ಅಡಗಿ ಉಳಿಯುತ್ತವೆ. ಗರ್ಭಿಣಿಯನ್ನು ಇಕ್ಕಟ್ಟಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಹಾಕುವ ಅಗತ್ಯವಿಲ್ಲ. ಗಂಡು ಹೆಣ್ಣು ಗುರುತಾದ ಕೂಡಲೇ, ಅಂದರೆ ಸುಮಾರು ನಾಲ್ಕರಿಂದ ಆರು ವಾರದೊಳಗೆ, ಅವುಗಳನ್ನು ಬೇರೆ ತೊಟ್ಟಿಗಳಿಗೆ ವರ್ಗಾಯಿಸಬೇಕು.

ಹೆಚ್ಚಾದ ಮೀನುಗಳನ್ನು ಕೆರೆಗೆ ಬಿಡಬೇಡಿ

ಜೀವ ಉಳಿಸಿದ ಪುಣ್ಯವೆಂದು ಭಾವಿಸಿ ಹೆಚ್ಚಾದ ಮೀನುಗಳನ್ನು ಕೆರೆ, ಬಾವಿ, ಹಳ್ಳಗಳಿಗೆ ಬಿಡುವವರಿದ್ದಾರೆ. ಉದ್ದೇಶ ಒಳ್ಳೆಯದಾದರೂ ಹೀಗೆ ಮಾಡಬಾರದು. ಹೊರನಾಡಿನ ಈ ಮೀನುಗಳು ಅಲ್ಲಿಯ ಸಣ್ಣ ಮೀನುಗಳೊಡನೆ ಆಹಾರಕ್ಕೆ ಪೈಪೋಟಿ ನಡೆಸುತ್ತವೆ, ಅವುಗಳ ಮೊಟ್ಟೆ ಮರಿಗಳನ್ನು ತಿನ್ನುತ್ತವೆ, ತೊಟ್ಟಿಯ ರೋಗಗಳನ್ನೂ ಒಯ್ಯುತ್ತವೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಜಗತ್ತಿನ ಬೇರೆಲ್ಲಿಯೂ ಇಲ್ಲದ ಮೀನುಗಳಿವೆ. ಒಮ್ಮೆ ನೆಲೆಯೂರಿದ ಗಪ್ಪಿಯನ್ನು ಅಲ್ಲಿಂದ ಹಿಂದಕ್ಕೆ ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.

ಮಲೇರಿಯಾ ನಿಯಂತ್ರಣಕ್ಕಾಗಿ ಸರ್ಕಾರವೇ ಗಪ್ಪಿ ಹಾಗೂ ಗ್ಯಾಂಬೂಸಿಯ ಮೀನುಗಳನ್ನು ಬಿಟ್ಟಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದು. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾದ ಗ್ಯಾಂಬೂಸಿಯವು ಸೊಳ್ಳೆಯ ಮರಿಹುಳುಗಳನ್ನು ತಿನ್ನುವುದೆಂದು ಹಲವೆಡೆ ಬಿಡಲ್ಪಟ್ಟಿತು. ಇಂದು ಅದು ಜಗತ್ತಿನ ಅತ್ಯಂತ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಯಾವ ನೀರಿಗೆ ಮೀನು ಬಿಡಬಹುದೆಂಬುದನ್ನು ಆರೋಗ್ಯ ಇಲಾಖೆಯ ಸಿಬ್ಬಂದಿ ನಿರ್ಧರಿಸಬೇಕೇ ಹೊರತು ನಾಗರಿಕರು ತಾವಾಗಿಯೇ ನಿರ್ಧರಿಸತಕ್ಕದ್ದಲ್ಲ.

ಹೆಚ್ಚಾದ ಮೀನುಗಳನ್ನು ಅಂಗಡಿಗೆ ಮರಳಿಸಬಹುದು, ಇತರ ಹವ್ಯಾಸಿಗಳಿಗೆ ಅಥವಾ ತೊಟ್ಟಿಯಿರುವ ಶಾಲೆಗೆ ನೀಡಬಹುದು. ಮನೆಯ ತಾವರೆ ಕುಂಡದಲ್ಲಿ ಕೆಲವು ಗಪ್ಪಿಗಳಿದ್ದರೆ ಅಲ್ಲಿ ಸೊಳ್ಳೆ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಕುಂಡ ತುಂಬಿ ಹರಿದು ಮೀನುಗಳು ಚರಂಡಿ ಸೇರದಂತೆ ಮಾತ್ರ ನೋಡಿಕೊಳ್ಳಬೇಕು.

ಮಾರಾಟಕ್ಕಾಗಿ ಸಾಕುವವರಿಗೆ

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಲ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ ರೂ. 3 ಲಕ್ಷ ಘಟಕ ವೆಚ್ಚ ನಿಗದಿಪಡಿಸಿ, ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ. 60 ಸಹಾಯಧನ ಸೂಚಿಸಲಾಗಿತ್ತು. ಸಹಾಯಧನವು ಪೂರ್ಣ ವೆಚ್ಚವನ್ನು ಭರಿಸುವುದಿಲ್ಲವೆಂಬುದನ್ನೂ, ಉಳಿದ ಮೊತ್ತವನ್ನು ಫಲಾನುಭವಿಯೇ ಹೊಂದಿಸಿಕೊಳ್ಳಬೇಕೆಂಬುದನ್ನೂ ಅರ್ಜಿದಾರರು ಅರಿತಿರಬೇಕು. ಪ್ರಸ್ತುತ ಸಾಲಿನಲ್ಲಿ ಲಭ್ಯವಿರುವ ಯೋಜನೆ, ಗುರಿ ಹಾಗೂ ಸಲ್ಲಿಸಬೇಕಾದ ದಾಖಲೆಗಳ ಬಗ್ಗೆ ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಿ, ಘಟಕ ನಿರ್ಮಾಣಕ್ಕೆ ಹಣ ಹೂಡುವ ಮುನ್ನವೇ ಅರ್ಜಿ ಸಲ್ಲಿಸಲು ಕೋರಲಾಗಿದೆ.