ಮುಕ್ಕುಂದ ಸೀಮೆಯ ಮನೆ: ಕಟ್ಟಡ ಮತ್ತು ಒಳವಿನ್ಯಾಸ

ಮುಕ್ಕುಂದವು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಊರು. ಈ ಊರೂ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಉಳಿದ ಹಳ್ಳಿಗಳೂ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್‌ಗೆ ಸೇರಿದವು. ಎರಡು ಮೂರು ತಲೆಮಾರುಗಳ ಅವಧಿಯಲ್ಲಿ ಇಲ್ಲಿಯ ಮನೆಗಳು ಮಣ್ಣಿನ ಮಾಳಿಗೆಯನ್ನು ಬಿಟ್ಟು ಕಾಂಕ್ರೀಟ್ ಸ್ಲ್ಯಾಬಿಗೆ ಬಂದಿವೆ. ಇದರಿಂದ ಮಳೆಗಾಲದ ಸೋರಿಕೆ ತಪ್ಪಿತು. ಆದರೆ ಬೇಸಿಗೆಯ ಸೆಕೆ ಮನೆಯೊಳಗೆ ಬಂದು ಕೂತಿತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಮತ್ತು ಒಣಗಿದಾಗ ಬಿರಿದು ನೆನೆದಾಗ ಉಬ್ಬುವ ಎರೆಮಣ್ಣು, ಇವೆರಡನ್ನು ಲೆಕ್ಕಕ್ಕೆ ಹಿಡಿಯದ ಯಾವ ನಕ್ಷೆಯೂ ಇಲ್ಲಿ ಬಾಳುವುದಿಲ್ಲ. ಬಣ್ಣ, ಟೈಲ್ಸ್, ಫಾಲ್ಸ್ ಸೀಲಿಂಗ್‌ಗಳ ಮಾತು ಅದರ ನಂತರದ್ದು.

ಹಿನ್ನೆಲೆ

ಈ ಸೀಮೆಯಲ್ಲಿ ಜನ ಮನೆ ಕಟ್ಟಿಕೊಂಡು ನೆಲೆಸಿದ ಇತಿಹಾಸ ನವಶಿಲಾಯುಗದಷ್ಟು ಹಳೆಯದು. ನದಿಯಾಚೆ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಗುಡ್ಡದ ಬಂಡೆಗಳ ನಡುವೆ ದುಂಡು ಗುಡಿಸಲುಗಳ ನೆಲಗಟ್ಟು ಸಿಕ್ಕಿತು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್‌ಚಿನ್ 1952ರಲ್ಲಿಯೂ ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿಯೂ ಅಗೆದು ನೋಡಿದರು. ಆದರೆ ಇಂದು ‘ಹಳೇ ಮನೆ’ ಎಂದರೆ ಇಲ್ಲಿಯವರ ಕಣ್ಣಮುಂದೆ ಬರುವುದು ಚೌಕಾಕಾರದ, ಚಪ್ಪಟೆ ಮಾಳಿಗೆಯ ಮನೆಯೇ.

ಆ ಮನೆಯನ್ನು ಅಳೆಯುತ್ತಿದ್ದುದು ಅಂಕಣದ ಲೆಕ್ಕದಲ್ಲಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಐದಂಕಣದ ಮನೆ ಎಂದರೆ ಅನುಕೂಲಸ್ಥರ ಮನೆ. ಕಲ್ಲನ್ನು ಕೆಸರುಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಗೋಡೆ ಎರಡು ಅಡಿಗೆ ಕಡಿಮೆ ಇರುತ್ತಿರಲಿಲ್ಲ. ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಮೊಳದಷ್ಟು ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಜಗಲಿ, ಹಿಂದೆ ಹಿತ್ತಲು. ಮನೆಯ ಹೊರಗೆ ಬೀದಿಗೆ ಮುಖಮಾಡಿ ಕಟ್ಟೆ. ಗೋಡೆಯ ದಪ್ಪದಲ್ಲಿಯೇ ಮಾಡು, ಗೂಡುಗಳನ್ನು ಬಿಟ್ಟುಕೊಂಡಿರುತ್ತಿದ್ದುದರಿಂದ ಕಪಾಟು, ಬೀರುಗಳ ಅಗತ್ಯ ಬೀಳುತ್ತಿರಲಿಲ್ಲ. ಈಗಿನ ಒಳವಿನ್ಯಾಸಕರು ಗೋಡೆಯೊಳಗಿನ ಶೆಲ್ಫ್ ಎಂದು ಬೆಲೆ ಹೇಳುವುದು ಇದನ್ನೇ.

ಮಾಳಿಗೆಯ ಕಟ್ಟು

ಮೇಲ್ಮುದ್ದೆ ಎಂದು ಕರೆಯುವ ಮಣ್ಣಿನ ಚಾವಣಿ ಈ ಮನೆಯ ಜೀವ. ಕಂಬ, ಬೋದಿಗೆ, ತೊಲೆಗಳ ಮೇಲೆ ಅಡ್ಡಡ್ಡ ಜಂತಿ ಜೋಡಿಸಿ, ಅದರ ಮೇಲೆ ಸಣ್ಣ ಕಟ್ಟಿಗೆ ಒತ್ತಾಗಿ ಹಾಸಿ, ಬೇವಿನ ಸೊಪ್ಪೋ ದಂಟೋ ಹರಡಿ, ಒಂದು ಅಡಿಯಷ್ಟು ಮಣ್ಣು ಹೇರಿ ಬಡಿಯುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಹಾಳುಮಣ್ಣು, ಅಂದರೆ ಬೆಳೆಗೆ ಬಾರದ ಉಪ್ಪಿನಂಶದ ಮಣ್ಣು. ಅದು ನೆನೆದಾಗ ಕಣ ಕಣ ಬಿಡಿಯಾಗಿ ಚದುರಿ, ಸಂದುಗಳನ್ನು ಮುಚ್ಚಿ, ನೀರನ್ನು ಕೆಳಗೆ ಬಿಡುವುದಿಲ್ಲ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ವರವಾಗಿತ್ತು. ಮುಂಗಾರಿಗೆ ಮುಂಚೆ ಬುಟ್ಟಿಯಲ್ಲಿ ಹೊಸ ಮಣ್ಣು ಹೊತ್ತು ಹಾಕುವುದು ವರ್ಷವರ್ಷದ ಕೆಲಸ.

ಬೆಳಕಿಗೆ ಮಾಳಿಗೆಯಲ್ಲಿಯೇ ಬೆಳಕಿಂಡಿ ಇರುತ್ತಿತ್ತು. ತಳ ಒಡೆದ ಗಡಿಗೆಯೊಂದನ್ನು ಮಣ್ಣಿನಲ್ಲಿ ಹುಗಿದು ಅದರ ಬಾಯಿಯನ್ನು ಮಾಳಿಗೆಯ ಮಟ್ಟಕ್ಕಿಂತ ತುಸು ಮೇಲೆ ಬಿಡುತ್ತಿದ್ದರು. ಮಳೆ ಬಂದರೆ ಯಾರಾದರೂ ಓಡಿಹೋಗಿ ಕಲ್ಲುಚಪ್ಪಡಿ ಮುಚ್ಚಿ ಬರಬೇಕು. ಅಡುಗೆಮನೆಯ ಹೊಗೆಗೂ ಅದೇ ದಾರಿ. ಮಧ್ಯಾಹ್ನದ ಹೊತ್ತು ಅದರಿಂದ ಇಳಿಯುವ ಬೆಳಕು ಇಡೀ ಅಂಕಣಕ್ಕೆ ಸಾಲುತ್ತಿತ್ತು, ಬಿಸಿಲು ಮಾತ್ರ ಅಂಗೈ ಅಗಲದಷ್ಟೇ ಒಳಗೆ ಬೀಳುತ್ತಿತ್ತು.

ಈ ಚಾವಣಿಯ ಗುಣ ಅದರ ದಪ್ಪದಲ್ಲಿದೆ. ಹಗಲಿನ ಕಾವು ಅಷ್ಟು ಮಣ್ಣನ್ನು ಹಾಯ್ದು ಕೆಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಮನೆಯವರು ಹಾಸಿಗೆ ಹೊತ್ತುಕೊಂಡು ಮಾಳಿಗೆ ಏರಿರುತ್ತಾರೆ. ಹಾಗೆಂದು ಇದನ್ನು ಹೊಗಳುತ್ತ ಕೂರುವುದೂ ತಪ್ಪಾಗುತ್ತದೆ. ವರ್ಷವರ್ಷವೂ ಹೇರಿದ ಮಣ್ಣಿನ ಭಾರಕ್ಕೆ ಜಂತಿ ಬಾಗುತ್ತಿತ್ತು, ಗೆದ್ದಲು ತಿಂದ ತೊಲೆ ಸುಳಿವು ಕೊಡದೆ ಮುರಿಯುತ್ತಿತ್ತು. ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದರೆ ಗೋಡೆಯೇ ನೆನೆದು ಕೂರುತ್ತಿತ್ತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ, ನೆರೆಗಳಲ್ಲಿ ಉತ್ತರ ಕರ್ನಾಟಕದಲ್ಲಿ ಬಿದ್ದವು ಹೆಚ್ಚಾಗಿ ಇಂಥ ಮಣ್ಣಿನ ಮನೆಗಳೇ. ಅದರ ಬೆನ್ನಿಗೆ ರಾಜ್ಯ ಸರ್ಕಾರ ‘ಆಸರೆ’ ಯೋಜನೆಯಲ್ಲಿ ನೆರೆಪೀಡಿತ ಹಳ್ಳಿಗಳಿಗೆ ಹೊಸ ಮನೆ ಕಟ್ಟಿಸಿತು. ಮಣ್ಣಿನ ಮನೆಯ ಮೇಲಿದ್ದ ಅಷ್ಟಿಷ್ಟು ನಂಬಿಕೆಯನ್ನು ಆ ವರ್ಷ ಅಳಿಸಿಹಾಕಿತು.

ನಾಲೆ ಬಂದ ಮೇಲೆ

1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೆ ಮುಗಿದು, ಎಡದಂಡೆ ನಾಲೆಯ ನೀರು ಸಿಂಧನೂರು ಸೀಮೆಗೆ ಹರಿದ ಮೇಲೆ ಜೋಳದ ನೆಲ ನೆಲ್ಲಿನ ಗದ್ದೆಯಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಾದವು. ಹಳೆಯ ಊರುಗಳಲ್ಲಿ ಮನೆಗೆ ಮನೆ ಒತ್ತಿಕೊಂಡು ಒಂದರ ನೆರಳು ಇನ್ನೊಂದಕ್ಕೆ ಬೀಳುತ್ತಿತ್ತು. ಕ್ಯಾಂಪಿನ ಮನೆ ಸುತ್ತ ಅಂಗಳ ಬಿಟ್ಟುಕೊಂಡು ಒಂಟಿಯಾಗಿ ನಿಲ್ಲುವಂಥದು. ಗಾಳಿ ಧಾರಾಳ, ಬಿಸಿಲು ಅದಕ್ಕೂ ಧಾರಾಳ.

ನೀರಾವರಿ ಮನೆಯ ಒಳಕ್ಕೂ ಕೈಹಾಕಿತು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು, ಜೋಳ ಹಿಂದೆ ಸರಿದು ನೆಲದ ತೇವ ಏರಿದ ಕಡೆಗಳಲ್ಲಿ ಬಳಕೆ ತಪ್ಪಿತು. ಟ್ರ್ಯಾಕ್ಟರ್ ಬಂದಂತೆ ಎತ್ತುಗಳು ಕಡಿಮೆಯಾದವು, ದನ ಕಟ್ಟುವ ಅಂಕಣ ಹಾಲ್ ಆಯಿತು. ನಾಲೆಯ ಕೆಳಭಾಗದ ಸವಳು-ಜವಳು ನೆಲದಲ್ಲಿ ಗೋಡೆಯ ಬುಡ ಬಿಳಿಬಿಳಿ ಉಪ್ಪೊಡೆದು ಗಿಲಾವು ಉದುರುವುದು ಹೊಸ ಕಾಯಿಲೆ. ಬಣ್ಣದಂಗಡಿಯವರು ಇದಕ್ಕೆ ಡಬ್ಬಿ ಡಬ್ಬಿ ಔಷಧ ಮಾರುತ್ತಾರೆ. ಪಾಯದ ಮೇಲೆ, ಗೋಡೆ ಏಳುವ ಮುಂಚೆ, ತೇವತಡೆ ಪದರವನ್ನು ಕಡಿಯದಂತೆ ಸರಿಯಾಗಿ ಹಾಕಿದ್ದರೆ ಆ ಖರ್ಚಿನ ಹೆಚ್ಚಿನ ಪಾಲು ಉಳಿಯುತ್ತದೆ.

ಪಾಯ

ಮಸಾರಿ, ಅಂದರೆ ಕೆಂಪುಮಣ್ಣಿನ, ನೆಲದಲ್ಲಿ ಪಾಯ ತಲೆನೋವಿನ ಕೆಲಸವೇನಲ್ಲ. ಎರೆನೆಲದ ಕತೆ ಬೇರೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆಗೆ ಉಬ್ಬಿ ಗೋಡೆಯನ್ನು ಮೇಲೆತ್ತುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಕಾರಣ ಹೆಚ್ಚಾಗಿ ನೆಲದಲ್ಲಿರುತ್ತದೆ. ಎರೆ ತೆಳುವಾಗಿದ್ದಲ್ಲಿ ಗರಸು ಸಿಗುವವರೆಗೆ ತೋಡಿ ಪಾಯ ಹಾಕುವುದು, ಮಣ್ಣಿಗೂ ಪಾಯಕ್ಕೂ ನಡುವೆ ಮರಳೋ ಗರಸೋ ತುಂಬುವುದು, ಪ್ಲಿಂತ್ ಬೀಮ್ ಕೊಡುವುದು ವಾಡಿಕೆ. ಎರೆ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಅಂಡರ್ ರೀಮ್ಡ್ ಪೈಲ್ ಸೂಕ್ತ. ನೆಲದಲ್ಲಿ ಕನಿಷ್ಠ 3.5 ಮೀಟರ್‌ನಷ್ಟು ಆಳಕ್ಕೆ ಕೊರೆದು, ತಳದಲ್ಲಿ ಅಗಲ ಮಾಡಿ, ಕಬ್ಬಿಣ ಇಟ್ಟು ಕಾಂಕ್ರೀಟ್ ತುಂಬುವ ಕ್ರಮ ಅದು. ಅಷ್ಟು ಆಳದಲ್ಲಿ ಮಣ್ಣಿನ ತೇವ ಋತುವಿಗೊಮ್ಮೆ ಬದಲಾಗುವುದಿಲ್ಲ. ಮನೆಯ ಸುತ್ತ ಮೂರಡಿ ಫರಸಿ ಹಾಸಿ ನೀರು ಪಾಯದ ಬುಡಕ್ಕೆ ಇಳಿಯದಂತೆ ಮಾಡುವುದು ಕಡಿಮೆ ಖರ್ಚಿನ ಉಪಾಯ. ಬಚ್ಚಲ ನೀರನ್ನು ಗೋಡೆಗೆ ತಾಗಿಸಿಯೇ ಗಿಡಗಳಿಗೆ ಬಿಡುವವರು ಈ ಉಪಾಯವನ್ನು ತಾವೇ ಕೆಡಿಸುತ್ತಾರೆ.

ಸ್ಲ್ಯಾಬು ಮತ್ತು ಬಿಸಿಲು

ಮುಕ್ಕುಂದ, ಸಿಂಧನೂರು ಕಡೆಯ ಊರುಗಳು ಸುಮಾರು 15.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಕಡು ಬೇಸಿಗೆಯಲ್ಲಿ ಗೋಡೆಗಿಂತ ಚಾವಣಿಯೇ ಹೆಚ್ಚು ಕಾಯುವುದು ಇದಕ್ಕಾಗಿ. ನಾಲ್ಕೈದು ಇಂಚಿನ ಬರೀ ಸ್ಲ್ಯಾಬು ಸಂಜೆಯ ಹೊತ್ತಿಗೆ ರೊಟ್ಟಿ ಹಂಚಾಗಿರುತ್ತದೆ; ರಾತ್ರಿ ಫ್ಯಾನ್ ಹಾಕಿದರೆ ಆ ಕಾವನ್ನೇ ಕೆಳಗೆ ತಳ್ಳುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಚಾವಣಿಯ ಮೂಲಕ ಹಾಯುವ ಶಾಖ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವಾಟ್ ಮೀರಬಾರದು ಎನ್ನುತ್ತದೆ. ಬರೀ ಸ್ಲ್ಯಾಬಿನಲ್ಲಿ ಅದು ಇದರ ಎರಡು ಪಟ್ಟಿಗೂ ಹೆಚ್ಚು.

ಪರಿಹಾರಗಳಲ್ಲಿ ಅಗ್ಗದ್ದು ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ. ಮಾಳಿಗೆಯ ಮೇಲೆ ನೆಲ್ಲು, ಮೆಣಸಿನಕಾಯಿ ಹರವಿ ಬಳಿದು ತೆಗೆಯುವ ಮನೆಗಳಲ್ಲಿ ಬಣ್ಣ ಎರಡು ಬೇಸಿಗೆ ತಾಳುವುದೂ ಕಷ್ಟ; ಅಲ್ಲಿ ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಕೂಡಿಸುವ ಚೈನಾ ಮೊಸಾಯಿಕ್ ಲೇಸು. ಅದರ ಕೆಳಗೆ ಇಟ್ಟಿಗೆ ಚೂರು, ಸುಣ್ಣದ ಪದರ ಹಾಕಿದರೆ ಸೋರಿಕೆಗೂ ತಡೆ, ಕಾವಿಗೂ ತಡೆ. ಹೊಸದಾಗಿ ಕಟ್ಟುವವರು ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟಿನ ಬದಲು ಮಂಗಳೂರು ಹೆಂಚು ತುಂಬುವ ಫಿಲ್ಲರ್ ಸ್ಲ್ಯಾಬ್ ಮಾಡಬಹುದು. ಆದರೆ ಮೇಸ್ತ್ರಿಗೆ ರೂಢಿಯಿಲ್ಲದಿದ್ದರೆ ಒತ್ತಾಯಿಸದಿರುವುದೇ ಕ್ಷೇಮ.

ಊರವರು ತಾವಾಗಿಯೇ ಕಂಡುಕೊಂಡ ದಾರಿ ಮಹಡಿಯ ಮೇಲಿನ ತಗಡಿನ ಶೆಡ್ಡು. ನೋಟಕ್ಕೆ ಚಂದವೇನಿಲ್ಲ, ವಾಸ್ತುಶಿಲ್ಪಿಗಳು ಮುಖ ಸಿಂಡರಿಸುತ್ತಾರೆ. ಆದರೂ ಸ್ಲ್ಯಾಬಿಗೆ ನೆರಳು, ನಡುವೆ ಹಾಯುವ ಗಾಳಿ, ಕೆಳಗೆ ಬಟ್ಟೆ ಒಣಗಿಸಲು ಮತ್ತು ರಾತ್ರಿ ಮಲಗಲು ಜಾಗ ಎಲ್ಲವೂ ಒಟ್ಟಿಗೆ ಒದಗುತ್ತವೆ. ಸೋಲಾರ್ ಫಲಕಗಳನ್ನು ತುಸು ಎತ್ತರಿಸಿ ಕೂರಿಸಿದರೂ ನೆರಳಿನ ಲಾಭ ಸಿಗುತ್ತದೆ. ತಗಡೇ ಸೂರಾಗಿರುವ ಬಡವರ ಮನೆಗಳಲ್ಲಿ ಮಾತ್ರ ಸ್ಥಿತಿ ಎಲ್ಲಕ್ಕಿಂತ ಕಠಿಣ. ತಗಡಿನ ಕೆಳಗೆ ಚಾಪೆಯದೋ ಹಲಗೆಯದೋ ಒಳಚಾವಣಿ ಕಟ್ಟಿ, ನಡುವಿನ ಬಿಸಿಗಾಳಿ ಎರಡೂ ತುದಿಗಳಿಂದ ಹೊರಹೋಗಲು ಬಿಡುವುದು ಅಲ್ಲಿ ಆಗಬೇಕಾದ ಮೊದಲ ಕೆಲಸ.

ಗೋಡೆ, ಕಿಟಕಿ

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ಅದರ ಹಾರುಬೂದಿಯಿಂದಾಗಿ ಜಿಲ್ಲೆಯಲ್ಲಿ ಹಾರುಬೂದಿ ಇಟ್ಟಿಗೆ ಸಲೀಸಾಗಿ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಬೆಳೆಸಿದ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗೆ ಎರೆಮಣ್ಣು ಒಗ್ಗುವುದಿಲ್ಲ. ಮಸಾರಿ ಮಣ್ಣಿಗೆ ಮರಳು ಬೆರೆಸಬೇಕು.

ಪಡುವಣ ಗೋಡೆಗೆ ಮಲಗುವ ಕೋಣೆ ಬಾರದಂತೆ ನಕ್ಷೆ ಹಾಕುವುದು ಉತ್ತಮ. ಆ ಕಡೆ ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮ್ ಇಟ್ಟರೆ ಸಂಜೆಯ ಬಿಸಿಲನ್ನು ಅವು ಹೀರಿಕೊಳ್ಳುತ್ತವೆ. ವಾಸ್ತು ನೋಡುವವರ ಜೊತೆ ಇದಕ್ಕೆ ಸ್ವಲ್ಪ ಚೌಕಾಸಿ ಬೇಕಾದೀತು. ಕಿಟಕಿಗೆ ಎರಡಡಿಯ ಸಜ್ಜಾ, ಎದುರುಬದುರು ಗಾಳಿದಾರಿ, ಗದ್ದೆ ಪಕ್ಕದ ಮನೆಗೆ ಸೊಳ್ಳೆಜಾಳಿಗೆ ಕಡ್ಡಾಯ. ನೀರಿನ ಕೂಲರ್ ಮೇ ತಿಂಗಳ ಒಣಗಾಳಿಗೆ ಚೆನ್ನಾಗಿ ನಡೆಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟು ಸುತ್ತ ನಾಟಿ ಶುರುವಾದ ಮೇಲೆ ಅದು ಬರೀ ಜಿಗುಟು ಹೆಚ್ಚಿಸುತ್ತದೆ.

ಒಳಾಂಗಣ

ನೆಲಕ್ಕೆ ಶಹಾಬಾದ್ ಫರಸಿ ಈ ಸೀಮೆಯ ಹಳೆಯ ನಂಬಿಕೆ. ಕಾಲಿಗೆ ತಂಪು, ಭಾರ ಬಿದ್ದರೂ ಒಡೆಯುವುದು ಕಡಿಮೆ. ಪಾಲಿಶ್ ಹಿಡಿಸಿದರೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್‌ಗೆ ಏನೂ ಕಡಿಮೆಯಿಲ್ಲ. ಮುಂಬಾಗಿಲಿನ ಮೆಟ್ಟಿಲಿಗೆ ಪಕ್ಕದ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸುವುದು ಪ್ರತಿಷ್ಠೆಯ ಗುರುತು. ಅಡುಗೆಮನೆಯ ಮಾಡ್ಯುಲರ್ ಕಪಾಟಿಗೆ ಸಾದಾ ಪ್ಲೈವುಡ್ಡು ಬಳಸಿದರೆ ಗೆದ್ದಲು ಬಿಡುವುದಿಲ್ಲ. ಕಡಪ ಕಲ್ಲಿನ ಹಲಗೆಗಳನ್ನೇ ಗೂಡಿನಂತೆ ನಿಲ್ಲಿಸಿ ಬಾಗಿಲಷ್ಟೇ ಅಲ್ಯೂಮಿನಿಯಂದು ಮಾಡಿಸುವುದು ಜಾಣತನ. ಇನ್ನು ಪಿಒಪಿ ಫಾಲ್ಸ್ ಸೀಲಿಂಗ್. ಹತ್ತಡಿ ಎತ್ತರದ ಹಾಲಿನಲ್ಲಿ ಅದು ಒಂದಡಿ ತಿಂದು ಫ್ಯಾನನ್ನು ತಲೆಗೆ ತರುತ್ತದೆ. ಕಾವು ತಡೆಯುವ ಪದರ ಒಳಗೆ ಇಲ್ಲದಿದ್ದರೆ ಅಲಂಕಾರದಾಚೆಗೆ ಅದರ ಉಪಯೋಗ ಸ್ವಲ್ಪವೇ.

ಸರ್ಕಾರಿ ನೆರವಿನಿಂದ ಎದ್ದ ಮನೆಗಳ ಲೆಕ್ಕಾಚಾರ ಬೇರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಎಂದು ನಿಗದಿ ಮಾಡಿದೆ. ಅಷ್ಟರಲ್ಲಿ ಎರಡು ಕೋಣೆ, ಒಂದು ಮೂಲೆಯ ಒಲೆ. ಇಂಥ ಮನೆಗಳಲ್ಲಿ ಬದುಕು ನಡೆಯುವುದು ಮುಂದಿನ ಕಟ್ಟೆಯ ಮೇಲೆಯೇ. ಹಾಗಾಗಿ ಕಟ್ಟೆಯ ಮೇಲೆ ಆರಡಿ ಚಪ್ಪರ ಸೇರಿಸಿದರೆ ಒಂದು ಕೋಣೆ ಕಟ್ಟಿದಷ್ಟೇ ಪ್ರಯೋಜನ. ಬಹುತೇಕರು ಮನೆಯನ್ನು ಒಂದೇ ಸಲ ಮುಗಿಸುವುದಿಲ್ಲ; ಬೆಳೆ ಕೈಗೆ ಬಂದ ವರ್ಷ ಒಂದು ಕೋಣೆ, ಮದುವೆಯ ವರ್ಷ ಗಿಲಾವು, ಬಣ್ಣ. ಮುಂದಿನ ಮಹಡಿಗೆಂದು ಕಂಬದ ತುದಿಯಲ್ಲಿ ಬಿಟ್ಟ ಸರಳುಗಳು ವರ್ಷಗಟ್ಟಲೆ ಮಳೆ, ಬಿಸಿಲಿಗೆ ತುಕ್ಕು ಹಿಡಿದು, ಆ ತುಕ್ಕು ಕಂಬದೊಳಕ್ಕೂ ಇಳಿದು ಕಾಂಕ್ರೀಟನ್ನು ಸೀಳುತ್ತದೆ. ಅವುಗಳಿಗೆ ಸಿಮೆಂಟ್ ಹಾಲು ಬಳಿದು, ಸುತ್ತ ಬಡ ಕಾಂಕ್ರೀಟ್ ಕಟ್ಟಿಟ್ಟರೆ ಮಹಡಿ ಏರಿಸುವ ದಿನ ಒಡೆದು ತೆಗೆದು ಮುಂದುವರಿಯಬಹುದು.