ಗ್ರಂಥಿಯ ಚುರುಕು ಅಳೆಯುವ ಬಣ್ಣ: ಕಿಣ್ವ ಪರೀಕ್ಷೆ ಹೇಗೆ?

ಶಿವಮೊಗ್ಗ: ಕೀಟನಾಶಕವಾಗಲಿ, ಕಾರ್ಖಾನೆಯ ತ್ಯಾಜ್ಯವಾಗಲಿ ಪ್ರಾಣಿಗಳ ಗ್ರಂಥಿಗಳಿಗೆ ಹಾನಿ ಮಾಡಿದೆಯೇ? ಅಡಿಕೆ ತೋಟ, ಭತ್ತದ ಗದ್ದೆಗಳ ಜೊತೆಗೆ ಭದ್ರಾವತಿಯಂಥ ಕೈಗಾರಿಕಾ ಪಟ್ಟಣವೂ ಇರುವ ಜಿಲ್ಲೆಯಲ್ಲಿ ಇದು ಸಹಜ ಪ್ರಶ್ನೆ. ಗ್ರಂಥಿಯ ಗಾತ್ರವನ್ನಷ್ಟೇ ನೋಡಿ ಉತ್ತರಿಸಲಾಗದು. ಅದರೊಳಗಿನ ಕಿಣ್ವಗಳು ಎಷ್ಟು ಚುರುಕಾಗಿವೆ ಎಂಬುದನ್ನೂ ಅಳೆಯಬೇಕಾಗುತ್ತದೆ.

ಪದರವೇ ಏಕೆ?

ಅಂಗಾಂಶವನ್ನು ಅರೆದು ಪರೀಕ್ಷಿಸಿದರೆ ಕಿಣ್ವದ ಒಟ್ಟು ಚಟುವಟಿಕೆ ತಿಳಿಯುತ್ತದೆ. ಅದು ಯಾವ ಕೋಶದ್ದೆಂದು ತಿಳಿಯುವುದಿಲ್ಲ. ತೆಳು ಪದರದಲ್ಲಿ ಕೋಶಗಳು ಇದ್ದಲ್ಲೇ ಇರುತ್ತವೆ. ಕ್ಷಾರೀಯ ಫಾಸ್ಫಟೇಸ್ ಕಿಣ್ವವನ್ನು ಹೀಗೆ ತೋರಿಸುವ ವಿಧಾನವನ್ನು 1939ರಲ್ಲಿ ಗೊಮೊರಿ ಮತ್ತು ತಕಮಾತ್ಸು ಪ್ರತ್ಯೇಕವಾಗಿ ಪ್ರಕಟಿಸಿದರು. ಸ್ಟೀರಾಯ್ಡ್ ಹಾರ್ಮೋನುಗಳ ತಯಾರಿಕೆಗೆ ಅಗತ್ಯವಾದ 3-ಬೀಟಾ ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರೋಜಿನೇಸ್ ಕಿಣ್ವಕ್ಕೆ 1958ರಲ್ಲಿ ವಾಟೆನ್‌ಬರ್ಗ್ ವಿಧಾನ ರೂಪಿಸಿದರು. ಅಂಡಾಶಯ, ವೃಷಣ, ಅಡ್ರಿನಲ್ ಗ್ರಂಥಿಗಳ ಅಧ್ಯಯನಕ್ಕೆ ಇದು ಆಧಾರವಾಯಿತು.

ವಿಧಾನ

ತಾಜಾ ಗ್ರಂಥಿಯನ್ನು ತಕ್ಷಣ ಹೆಪ್ಪುಗಟ್ಟಿಸಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕ್ರಯೋಸ್ಟಾಟ್ ಯಂತ್ರದಲ್ಲಿ ಸುಮಾರು 10 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಕತ್ತರಿಸಲಾಗುತ್ತದೆ. ಬಳಿಕ ಸ್ಟೀರಾಯ್ಡ್, ಎನ್‌ಎಡಿ ಎಂಬ ಸಹಕಿಣ್ವ ಮತ್ತು ಟೆಟ್ರಜೋಲಿಯಂ ಲವಣವಿರುವ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಇಡಲಾಗುತ್ತದೆ. ಕಿಣ್ವ ಕೆಲಸ ಮಾಡಿದ ಜಾಗದಲ್ಲಿ ಫಾರ್ಮಜಾನ್ ಎಂಬ ನೀಲಿ-ನೇರಳೆ ಕಣಗಳು ಮೂಡುತ್ತವೆ.

ಬಣ್ಣ ಕಂಡ ಮಾತ್ರಕ್ಕೆ ಅದು ಅಳತೆಯಾಗದು. ಪದರ ದಪ್ಪವಾದರೂ, ಹೆಚ್ಚು ಹೊತ್ತು ಇಟ್ಟರೂ ಬಣ್ಣ ಗಾಢವಾಗುತ್ತದೆ. ಆದ್ದರಿಂದ ದಪ್ಪ, ಸಮಯ, ಉಷ್ಣಾಂಶ ಒಂದೇ ಇರಬೇಕು. ಸ್ಟೀರಾಯ್ಡ್ ಹಾಕದ ಹೋಲಿಕೆ ಪದರದ ಬಣ್ಣವನ್ನು ಕಳೆಯಬೇಕು. ಉಳಿದ ಗಾಢತೆಯನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಉಪಕರಣದಿಂದ ಅಂಕಿಯಾಗಿ ಪಡೆಯಬೇಕು.

ಸಾಗಣೆಯೇ ಸವಾಲು

ಶಿವಮೊಗ್ಗ ನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಸುಮಾರು 28 ಕಿ.ಮೀ. ದೂರದಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಹಾಗೂ ಜೀವರಸಾಯನಶಾಸ್ತ್ರ ವಿಭಾಗಗಳಿವೆ. ನಗರದಲ್ಲಿ ತೆಗೆದ ಮಾದರಿಯನ್ನು ಅಷ್ಟು ದೂರ ಒಯ್ಯಬೇಕೆಂದರೆ ಮೊದಲೇ ಹೆಪ್ಪುಗಟ್ಟಿಸಿರಬೇಕು, ದಾರಿಯಲ್ಲಿ ಕರಗಬಾರದು. ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಕೂರಿಸಿದರೆ ಅಂಗಾಂಶದ ರೂಪ ಉಳಿಯುತ್ತದೆ, ಈ ಕಿಣ್ವದ ಚಟುವಟಿಕೆ ಬಹುಪಾಲು ನಶಿಸುತ್ತದೆ.

ಎಚ್ಚರ ತಪ್ಪಿದರೆ ಮಾದರಿ ಕೆಟ್ಟದ್ದನ್ನೇ ವಿಷದ ಪರಿಣಾಮವೆಂದು ಭಾವಿಸುವ ಅಪಾಯವಿದೆ. ಇಲ್ಲದ ಹಾನಿಗೆ ಯಾರನ್ನೋ ಹೊಣೆ ಮಾಡಿದಂತಾಗುತ್ತದೆ. ಇಲ್ಲವೇ ನಿಜವಾದ ಹಾನಿ ಕಣ್ತಪ್ಪುತ್ತದೆ. ಗ್ರಂಥಿಗೆ ಪೆಟ್ಟಾಗಿದೆ ಎಂಬ ವರದಿ ಬಂದಾಗ ಓದುಗರು ಮೊದಲು ಕೇಳಬೇಕಾದದ್ದು ಇಷ್ಟೇ: ಮಾದರಿಯನ್ನು ಹೇಗೆ ಕಾಪಾಡಲಾಗಿತ್ತು, ಹೋಲಿಕೆ ಪದರವಿತ್ತೇ?